ನೂರಿಪ್ಪತ್ತೈದಕ್ಕೆ ಒಂದಿಷ್ಟು ಕಡಿಮೆ

ಮೆಲ್ರಾಯ್ ಲೋಬೊ ತೋಟಾ ತುಂಬುವ ವಿಷಯ ತೆಗೆದರೆ ನಾನು ತಟ್ಟೆ ತೊಳೆಯಲು ಎದ್ದು ಹೋಗುತ್ತಿದ್ದೆ. ಸ್ವೀಡನ್ನಿನ ಸೋಲ್ನಾದಲ್ಲಿರುವ ಅವನ ಫ್ಲ್ಯಾಟಿನಲ್ಲಿ ಒಳ್ಳೆಯ ಡಿಶ್‌ವಾಷರ್ ಇದೆ. ಆದರೂ ನಾನು ನಲ್ಲಿ ಬಿಟ್ಟು ಕೈಯಲ್ಲೇ ತೊಳೆಯುತ್ತಿದ್ದೆ, ನೀರಿನ ಸದ್ದಿಗೆ ಅವನ ಮಾತು ಅರ್ಧವಾದರೂ ಮುಚ್ಚಿಹೋಗಲಿ ಎಂದು.

ಅವನು ಮೂಡುಬೆಳ್ಳೆಯ ಕಡೆಯವನು, ಇಲ್ಲಿ ಯಾವುದೋ ಕಂಪನಿಯಲ್ಲಿ ಸೊಲ್ಯೂಶನ್ ಆರ್ಕಿಟೆಕ್ಟ್. ಅಂದರೆ ಏನು ಕೆಲಸ ಎಂದು ನಾನು ಮೂರು ಸಲ ಕೇಳಿದ್ದೇನೆ, ಮೂರು ಸಲವೂ ಅವನು ಹೇಳಿದ್ದಾನೆ, ನನಗೆ ಗೊತ್ತಾಗಿಲ್ಲ. ಅವನ ಹೆಂಡತಿ ಸಿಂಥಿಯಾಳ ಕೆಲಸ ಏನೆಂದು ಯಾರಿಗಾದರೂ ಗೊತ್ತಾಗುತ್ತದೆ. ಅವಳು ಒಂದು ಲ್ಯಾಬಿನಲ್ಲಿ ಕೂತು ಹಲ್ಲಿನ ಕ್ಯಾಪ್ ಮಾಡುತ್ತಾಳೆ. ಡಾಕ್ಟರು ಕಳಿಸಿದ ಅಚ್ಚನ್ನು ನೋಡಿ, ಯಾರದ್ದೋ ಬಾಯಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುವ ಹಲ್ಲು ತಯಾರಿಸುತ್ತಾಳೆ. ಈ ಎರಡು ಜನರಲ್ಲಿ ಲೆಕ್ಕಾಚಾರದ ಕೆಲಸಕ್ಕೆ ಯಾರ ಕೈ ಆಗುತ್ತದೆ ಎಂದು ಕೇಳಿದರೆ ಮೆಲ್ರಾಯ್ ತನ್ನ ಎರಡೂ ಕೈ ಎತ್ತುತ್ತಿದ್ದ.

ನಾನು ಕೋಕಿಲಾ. ಊರು ಕಾರ್ಕಳ, ಹದಿನೇಳು ವರ್ಷದಿಂದ ಉಪ್ಸಾಲಾದಲ್ಲಿದ್ದೇನೆ. ಒಂದು ಔಷಧ ಕಾರ್ಖಾನೆಯಲ್ಲಿ ತಕ್ಕಡಿ, ಥರ್ಮಾಮೀಟರ್ ಮುಂತಾದ ಅಳತೆಯ ಉಪಕರಣಗಳು ಸರಿಯಾಗಿವೆಯಾ ಎಂದು ಪರೀಕ್ಷಿಸುವುದು ನನ್ನ ಉದ್ಯೋಗ. ಪಿಸ್ತೂಲು ಶೂಟಿಂಗ್ ನನ್ನ ಹವ್ಯಾಸ. ಊರಿನಲ್ಲಿ ಇದನ್ನು ಹೇಳಿದರೆ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇಲ್ಲಿ ಅದು ಸ್ಕೀಯಿಂಗ್‌ನ ಹಾಗೆ ಇನ್ನೊಂದು ಆಟ. ನಮ್ಮ ಕ್ಲಬ್ಬಿನವರಲ್ಲಿ ಅರ್ಧ ಜನ ನಿವೃತ್ತರು, ಥರ್ಮಸ್ಸಿನಲ್ಲಿ ಕಾಫಿ ತರುವವರು.

ಸಿಂಥಿಯಾಳನ್ನು ಕ್ಲಬ್ಬಿಗೆ ಕರೆದುಕೊಂಡು ಹೋದವಳು ನಾನೇ. ಮೊದಲ ದಿನವೇ ಅವಳ ಕೈ ನೋಡಿ ಗುನಿಲ್ಲಾ ನನ್ನ ಕಡೆ ಹುಬ್ಬು ಏರಿಸಿದಳು. ಗುನಿಲ್ಲಾ ಮೂವತ್ತು ವರ್ಷ ರೈಲು ಓಡಿಸಿ ನಿವೃತ್ತಳಾದವಳು, ಸುಮ್ಮಸುಮ್ಮನೆ ಹುಬ್ಬು ಏರಿಸುವವಳಲ್ಲ. ಒಂದು ವರ್ಷ ಕಳೆದ ಮೇಲೆ ಮೆಲ್ರಾಯ್ ಕೂಡ ಸೇರಿಕೊಂಡ. ಸೇರಿದ ಆರನೇ ತಿಂಗಳಿಗೆ ಹೆಂಡತಿಗೆ ಕಲಿಸಲು ಶುರು ಮಾಡಿದ. ಅವನು ಎಂಬತ್ತು ಜನರ ಪಂದ್ಯದಲ್ಲಿ ಎಪ್ಪತ್ತೊಂದನೆಯವನಾಗಿ ಬಂದಿದ್ದ, ಅವಳು ಹನ್ನೆರಡನೆಯವಳು. ಆದರೂ ಕಾರಿನಲ್ಲಿ ಹೋಗುವಾಗ ಬರುವಾಗ ಉಪದೇಶವೆಲ್ಲ ಅವನದೇ.

ಆಮೇಲೆ ತೋಟಾ ತುಂಬುವ ಮಶೀನು ಬಂತು. ಹಿತ್ತಾಳೆಯ ಖಾಲಿ ಕೇಸು, ಅದರ ತಳಕ್ಕೆ ಕೇಪು, ಒಳಗೆ ಮದ್ದು, ಬಾಯಿಗೆ ಗುಂಡು: ಇಷ್ಟನ್ನು ಮನೆಯಲ್ಲೇ ಕೂತು ಸೇರಿಸಿದರೆ ಒಂದು ತೋಟಾ. ಬಹಳ ಜನ ಮಾಡುತ್ತಾರೆ, ನಾನೂ ಮಾಡುತ್ತೇನೆ. ಬೇಕಾದದ್ದು ತಾಳ್ಮೆ ಮತ್ತು ಬಾಯಿ ಮುಚ್ಚಿಕೊಂಡಿರುವ ಶಕ್ತಿ. ಮೆಲ್ರಾಯ್‌ಗೆ ಎರಡೂ ಇರಲಿಲ್ಲ. ಅವನಿಗೆ ಎಕ್ಸೆಲ್ ಶೀಟು ಇತ್ತು. ಅಂಗಡಿಯ ತೋಟಾ ಕೊಳ್ಳುವವರನ್ನು ಅವನು ಪ್ಯಾಕೆಟ್ಟಿನ ದೋಸೆ ಹಿಟ್ಟು ತರುವವರಿಗೆ ಹೋಲಿಸುತ್ತಿದ್ದ. "ಸೋಮಾರಿಗಳು. ಏನು ತಿನ್ನುತ್ತಿದ್ದೇವೆ ಅಂತ ಗೊತ್ತಿಲ್ಲದವರು." ದೋಸೆ ಹಿಟ್ಟು ಅವನ ಮನೆಯಲ್ಲಿ ಯಾರು ರುಬ್ಬುತ್ತಾರೆ ಎಂದು ನಾನು ಕೇಳಲಿಲ್ಲ.

ಈ ಆಟದಲ್ಲಿ ಒಂದು ನಿಯಮವಿದೆ. ತೋಟಾ ಸಪ್ಪೆಯಾದಷ್ಟೂ ಪಿಸ್ತೂಲು ಕೈಯಲ್ಲಿ ಕಡಿಮೆ ಒದೆಯುತ್ತದೆ, ಮುಂದಿನ ಗುರಿಗೆ ಬೇಗ ತಿರುಗಬಹುದು. ಎಲ್ಲರೂ ಸಪ್ಪೆ ಮಾಡುತ್ತಾ ಹೋದರೆ ಆಟ ಕೆಡುತ್ತದೆ ಎಂದು ಒಂದು ಕನಿಷ್ಠ ಮಿತಿ ಇಟ್ಟಿದ್ದಾರೆ. ಗುಂಡಿನ ತೂಕವನ್ನು ಅದು ಸೆಕೆಂಡಿಗೆ ಎಷ್ಟು ಅಡಿ ಓಡುತ್ತದೆ ಎಂಬುದರಿಂದ ಗುಣಿಸಿ, ಸಾವಿರದಿಂದ ಭಾಗಿಸಬೇಕು. ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಗ್ರಾಮಿಗೆ ಹದಿನೈದು ಗ್ರೇನ್ ಚಿಲ್ಲರೆ. ನಮ್ಮ ಗುಂಡುಗಳು ಸುಮಾರು ನೂರ ನಲವತ್ತೇಳು ಗ್ರೇನ್. ಉತ್ತರ ನೂರಿಪ್ಪತ್ತೈದು ಬರಲೇಬೇಕು. ನೂರಿಪ್ಪತ್ನಾಲ್ಕು ಬಿಂದು ಒಂಬತ್ತೊಂಬತ್ತು ಬಂದರೂ ಇಲ್ಲ. ಮಿತಿಗಿಂತ ಕಡಿಮೆಯಾದರೆ ಪಂದ್ಯ ಆಡಬಹುದು, ಅಂಕ ಮಾತ್ರ ಸಿಗುವುದಿಲ್ಲ. ಹಾಗಾಗಿ ಬುದ್ಧಿಯಿರುವವರು ನೂರ ಮೂವತ್ತರ ಆಚೀಚೆ ಇಟ್ಟುಕೊಳ್ಳುತ್ತಾರೆ. ಚಳಿಗೆ ಮದ್ದು ಸ್ವಲ್ಪ ಮಂಕಾಗಬಹುದು, ಒಂದು ಕಡೆಯ ವೇಗಮಾಪಕ ಇನ್ನೊಂದು ಕಡೆಯದಕ್ಕಿಂತ ನಾಲ್ಕು ಅಡಿ ಕಡಿಮೆ ತೋರಿಸಬಹುದು. ಅಷ್ಟು ಜಾಗ ಬಿಟ್ಟಿರಬೇಕು.

ಮೆಲ್ರಾಯ್ ನೂರಿಪ್ಪತ್ತೈದು ಬಿಂದು ಒಂಬತ್ತಕ್ಕೆ ಇಟ್ಟ.

"ಸಿಂಥಿಯಾಳ ಕೈ ಮೃದು. ಅವಳಿಗೆ ಅಂತಲೇ ಡಿಸೈನ್ ಮಾಡಿದ್ದು," ಎಂದು ಕಳೆದ ಜುಲೈಯಲ್ಲಿ ನನಗೆ ವಿವರಿಸಿದ. ಅವತ್ತು ಕ್ಲಬ್ಬಿನ ವೇಗಮಾಪಕ ಎರವಲು ಪಡೆದು ಪರೀಕ್ಷೆ ಮಾಡುತ್ತಿದ್ದ. ಅದಕ್ಕೆ ಇಲ್ಲಿ ಎಲ್ಲರೂ ಕ್ರೊನೊ ಎನ್ನುತ್ತಾರೆ. ಆ ದಿನ ಇಪ್ಪತ್ತೊಂಬತ್ತು ಡಿಗ್ರಿ ಬಿಸಿಲು, ತೋಟಾ ಡಬ್ಬಿ ಬಿಸಿಲಲ್ಲೇ ಇತ್ತು. ನಾನು ಗೇಟಿಗೆ ಬೀಗ ಹಾಕಲು ಕಾಯುತ್ತಾ ನಿಂತಿದ್ದೆ. ಹತ್ತು ತೋಟಾ ಹಾರಿಸಿದ. ಎರಡರ ವೇಗ ಕಡಿಮೆ ಬಂತು. ಆ ಎರಡನ್ನೂ ಅವನು ಫೋನಿನಲ್ಲಿ ಅಳಿಸಿದ್ದನ್ನು ನಾನು ನೋಡಿದೆ.

"ಅದು ಯಾಕೆ ತೆಗೆದದ್ದು?" ಎಂದೆ.

"ಔಟ್‌ಲೈಯರ್. ಡೇಟಾದಲ್ಲಿ ಹಾಗೆ ಬರುತ್ತದೆ ಕೋಕಿಲಾ. ಅದನ್ನು ಕ್ಲೀನ್ ಮಾಡಬೇಕು."

ನನ್ನ ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಕ್ಲೀನ್ ಮಾಡಿದರೆ ಆ ದಿನವೇ ಅವರ ಪಾಸ್ ವಾಪಸು ಇಸಿದುಕೊಳ್ಳುತ್ತಾರೆ. ಅದನ್ನು ನಾನು ಹೇಳಬಹುದಿತ್ತು. ಇಲ್ಲಿನ ಮೇ ತಿಂಗಳ ಚಳಿಯ ಬೆಳಿಗ್ಗೆ ಈ ತೋಟಾ ಮಿತಿ ದಾಟುವುದಿಲ್ಲ ಎಂದೂ ಹೇಳಬಹುದಿತ್ತು. ಹೇಳಲಿಲ್ಲ. ಇವನು ಒಂದು ದೊಡ್ಡ ಪಂದ್ಯಕ್ಕೆ ಹೋಗಲಿ, ಹತ್ತು ಜನರ ಎದುರು ಇವನ ಎಕ್ಸೆಲ್ ಬಿಚ್ಚಿಕೊಳ್ಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಗೇಟಿಗೆ ಬೀಗ ಹಾಕಿದೆ. ಮನೆಗೆ ಹೋಗುವಾಗ ನನಗೆ ಖುಷಿಯೇ ಆಗಿತ್ತು.

ಆ ಪಂದ್ಯ ಬಂದದ್ದು ಈ ವರ್ಷದ ಮೇ ಎರಡನೇ ಶನಿವಾರ, ಉಪ್ಸಾಲಾದ ಹೊರಗೆ ನಮ್ಮದೇ ರೇಂಜಿನಲ್ಲಿ. ಹಳೆಯ ಜಲ್ಲಿ ಗಣಿ ಅದು, ಮೂರು ಕಡೆ ಮಣ್ಣಿನ ದಿಬ್ಬ. ಮೂರು ಪಂದ್ಯಗಳ ಸರಣಿಯಲ್ಲಿ ಕೊನೆಯದು. ಮೊದಲೆರಡನ್ನು ಅಂಗಡಿಯ ತೋಟಾದಲ್ಲಿ ಆಡಿ ಸಿಂಥಿಯಾ ಮಹಿಳೆಯರಲ್ಲಿ ಎರಡನೇ ಸ್ಥಾನದಲ್ಲಿದ್ದಳು. ಕೊನೆಯದಕ್ಕೆಂದು ಮೆಲ್ರಾಯ್ ಜನವರಿಯಲ್ಲೇ ಅವಳ ತೋಟಾ ತುಂಬಿಟ್ಟಿದ್ದ. ಅಲ್ಲೇ ಉಳಿದುಕೊಂಡರೆ ನಾರ್ಡಿಕ್ ದೇಶಗಳ ಪಂದ್ಯಕ್ಕೆ ಸ್ವೀಡನ್ ತಂಡದಲ್ಲಿ ಜಾಗ. ಅವಳಿಗೆ ಇಲ್ಲಿನ ಪೌರತ್ವ ಸಿಕ್ಕಿ ಎರಡು ವರ್ಷವಾಗಿತ್ತು. ಶಿರ್ವದಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ, ಆದ ಮೇಲೆ ಹೇಳುತ್ತೇನೆ ಎಂದು ಹಿಂದಿನ ವಾರ ನನ್ನ ಹತ್ತಿರ ಅಂದಿದ್ದಳು.

ಅವತ್ತು ಕ್ರೊನೊದ ಹೊಣೆ ನನ್ನದು ಮತ್ತು ಗುನಿಲ್ಲಾಳದು. ಬೆಳಿಗ್ಗೆ ಏಳು ಗಂಟೆಗೆ ಮೂರು ಡಿಗ್ರಿ. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ಮೊದಲು ಸಂಘಟಕರ ಗೊತ್ತಿರುವ ತೋಟಾ ಹಾರಿಸಿ ಕ್ರೊನೊ ಪರೀಕ್ಷಿಸಿದೆವು, ತಕ್ಕಡಿಗೆ ನಾನು ಮನೆಯಿಂದ ತಂದ ನಿಖರ ತೂಕದ ಕಲ್ಲು ಇಟ್ಟು ನೋಡಿದೆ. ಎರಡೂ ಸರಿಯಾಗಿದ್ದವು. ಆಟಗಾರರ ಗುಂಪುಗಳು ಒಂದೊಂದಾಗಿ ಬರತೊಡಗಿದವು. ಪ್ರತಿಯೊಬ್ಬರಿಂದ ಎಂಟು ತೋಟಾ. ಒಂದನ್ನು ಬಿಚ್ಚಿ ಗುಂಡು ತೂಗುತ್ತೇವೆ, ಮೂರನ್ನು ಅವರದೇ ಪಿಸ್ತೂಲಿನಲ್ಲಿ ಹಾರಿಸುತ್ತೇವೆ. ಗುನಿಲ್ಲಾ ಹಾರಿಸುವುದು, ನಾನು ತೂಗಿ ಓದಿ ಬರೆಯುವುದು. ಹೆಚ್ಚಿನವರದ್ದು ಎರಡು ನಿಮಿಷದಲ್ಲಿ ಮುಗಿಯುತ್ತದೆ.

ಹತ್ತೂವರೆಗೆ ಲೋಬೊ ದಂಪತಿಗಳ ಗುಂಪು ಬಂತು. ಸಿಂಥಿಯಾ ಹತ್ತರಲ್ಲಿ ಮೊದಲ ಮೂರು ಸುತ್ತು ಮುಗಿಸಿ ಬಂದಿದ್ದಳು, ಮುಖ ನೋಡಿದರೆ ಗೊತ್ತಾಗುತ್ತಿತ್ತು ಚೆನ್ನಾಗಿ ಆಗಿದೆ ಎಂದು. ಮೆಲ್ರಾಯ್ ಕುತ್ತಿಗೆಗೆ ಬಣ್ಣದ ಕನ್ನಡಕ ತೂಗುಹಾಕಿಕೊಂಡು ಪಕ್ಕದವರಿಗೆ ಏನನ್ನೋ ವಿವರಿಸುತ್ತಿದ್ದ.

ಗುಂಡು ತೂಗಿದೆ: ನೂರ ನಲವತ್ತಾರು ಬಿಂದು ಆರು. ಗುನಿಲ್ಲಾ ಮೂರು ಹಾರಿಸಿದಳು. ಎಂಟುನೂರ ನಲವತ್ತೊಂದು, ಎಂಟುನೂರ ಐವತ್ತೆರಡು, ಎಂಟುನೂರ ನಲವತ್ತಾರು. ನಾನು ಲೆಕ್ಕ ಮಾಡಿದೆ. ನೂರಿಪ್ಪತ್ನಾಲ್ಕು ಬಿಂದು ಸೊನ್ನೆ ಏಳು.

ಹತ್ತು ತಿಂಗಳಿಂದ ನಾನು ಕಾದಿದ್ದ ಘಳಿಗೆ ಅದು. ತಲೆ ಎತ್ತಿ ನೋಡಿದಾಗ ಎದುರಿಗೆ ನಿಂತಿದ್ದವಳು ಸಿಂಥಿಯಾ. ನಾನು ಅಂಕಿ ಬರೆಯುತ್ತಿದ್ದ ಚೀಟಿಯ ಮೇಲೆ ಹೆಸರಿದ್ದದ್ದು ಅವಳದು. ಇಷ್ಟು ಸರಳ ವಿಷಯ ಆ ತನಕ ನನ್ನ ತಲೆಗೆ ಹೋಗಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ.

"ಇನ್ನು ಮೂರು ಹಾರಿಸುತ್ತೇವೆ," ಎಂದೆ. "ಆರರಲ್ಲಿ ಜಾಸ್ತಿ ಬಂದ ಮೂರು ಲೆಕ್ಕಕ್ಕೆ."

ಎಂಟುನೂರ ಮೂವತ್ತೆಂಟು. ಎಂಟುನೂರ ಐವತ್ತು. ಎಂಟುನೂರ ನಲವತ್ತೊಂಬತ್ತು. ಜಾಸ್ತಿಯ ಮೂರು ಹಿಡಿದರೂ ನೂರಿಪ್ಪತ್ನಾಲ್ಕು ಬಿಂದು ಆರು ಐದು.

ಮೆಲ್ರಾಯ್ ಮೇಜಿನ ಹತ್ತಿರ ಬಂದ. "ಇದು ಮಶೀನಿನ ಪ್ರಾಬ್ಲೆಮ್. ಕ್ಯಾಲಿಬ್ರೇಟ್ ಮಾಡಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಹದಿನೇಳು ವರ್ಷದಿಂದ ಅದನ್ನೇ ಮಾಡಿ ಅನ್ನ ತಿನ್ನುತ್ತಿರುವವಳನ್ನು ಕೇಳಿದ. ನಾನು ಬೆಳಗಿನ ಹಾಳೆ ತೋರಿಸಿದೆ. ಆಮೇಲೆ ಅವನು, ಗುನಿಲ್ಲಾ ಪಿಸ್ತೂಲು ಹಿಡಿಯುವ ರೀತಿ ಸರಿಯಿಲ್ಲ, ಅದರಿಂದ ವೇಗ ಕಡಿಮೆಯಾಗುತ್ತದೆ ಎಂದ. ಗುನಿಲ್ಲಾ ಅವನನ್ನು ಮೇಲಿಂದ ಕೆಳಗೆ ನೋಡಿ, ಪಿಸ್ತೂಲು ಖಾಲಿ ಮಾಡಿ ಮೇಜಿನ ಮೇಲಿಟ್ಟು, ಬೆಚ್ಚಗೆ ಮಾಡಿಕೊಳ್ಳಲು ಎರಡೂ ಕೈಯನ್ನು ಜೇಬಿಗೆ ಹಾಕಿದಳು.

ಆಗ ಅವನು ತುಳುವಿಗೆ ಇಳಿದ. ಏಳು ವರ್ಷದ ಪರಿಚಯದಲ್ಲಿ ಅವನು ನನ್ನ ಹತ್ತಿರ ತುಳು ಆಡಿದ್ದು ಅದೇ ಮೊದಲು, ನನ್ನನ್ನು ಅಕ್ಕ ಎಂದದ್ದೂ.

"ಕೋಕಿಲಕ್ಕ, ಬರೆಯುವುದು ನೀವೇ ಅಲ್ವಾ. ಈ ಎಂಟುನೂರ ಐವತ್ತನ್ನು ಅರುವತ್ತು ಮಾಡಿದರೆ ಆಯಿತು. ಯಾರಿಗೆ ಎಂತ ಗೊತ್ತಾಗ್ತದೆ? ನಮ್ಮ ಹುಡುಗಿ ಅಲ್ವಾ ಅವಳು. ಊರಿನವರು ಊರಿನವರಿಗೆ ಇಷ್ಟೂ ಮಾಡದಿದ್ದರೆ ಹೇಗೆ?"

"ಅವಳು ನಮ್ಮ ಹುಡುಗಿ ಅಂತ ಜನವರಿಯಲ್ಲಿ ಇದನ್ನು ತುಂಬುವಾಗ ನೆನಪಿರಲಿಲ್ಲವಾ?" ಎಂದೆ.

"ಅವನು ಏನು ಹೇಳಿದ?" ಗುನಿಲ್ಲಾ ಸ್ವೀಡಿಷಿನಲ್ಲಿ ನನ್ನನ್ನು ಕೇಳಿದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅವನನ್ನು ಆ ಕ್ಷಣವೇ ರೇಂಜಿನಿಂದ ಹೊರಗೆ ಹಾಕುತ್ತಿದ್ದರು. ಅವನಿಗೆ ಅದು ತಕ್ಕದ್ದೇ. ಆದರೆ ಆ ಮಾತು ಸಿಂಥಿಯಾಳ ಹೆಸರಿಗೂ ಅಂಟಿಕೊಳ್ಳುತ್ತಿತ್ತು. "ಚಳಿಯ ಬಗ್ಗೆ ಕೇಳುತ್ತಿದ್ದಾನೆ," ಎಂದೆ. ಆ ದಿನ ನಾನು ಬರೆದದ್ದರಲ್ಲಿ ಒಂದು ಅಂಕಿಯೂ ಸುಳ್ಳಲ್ಲ. ಆಡಿದ್ದರಲ್ಲಿ ಅದೊಂದು ಸುಳ್ಳು, ಅದೂ ಇಂಥವನಿಗಾಗಿ.

ಇದೆಲ್ಲ ಸಿಂಥಿಯಾಳ ಎದುರಿಗೇ ನಡೆದದ್ದು. ಅವಳಿಗೆ ತುಳು ಚೆನ್ನಾಗಿ ಬರುತ್ತದೆ.

"ಒಂದು ತೋಟಾ ಉಳಿದಿದೆ," ಎಂದು ನಾನು ಅವಳಿಗೆ ಹೇಳಿದೆ. "ನಿಯಮ ನಿನಗೆ ಗೊತ್ತು. ಅದನ್ನೂ ಹಾರಿಸಬಹುದು. ಇಲ್ಲದಿದ್ದರೆ ಬಿಚ್ಚಿ ಗುಂಡು ತೂಗಬಹುದು, ಎರಡರಲ್ಲಿ ಭಾರದ್ದು ಲೆಕ್ಕಕ್ಕೆ ಬರುತ್ತದೆ. ಆಯ್ಕೆ ನಿನ್ನದು."

ಅವಳು ಬೆರಳು ಮಡಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಾರಿಸಿದರೆ ಎಂಟುನೂರ ಐವತ್ತಾರು ಬರಬೇಕು. ಆರರಲ್ಲಿ ಒಂದೂ ಅಲ್ಲಿಗೆ ಮುಟ್ಟಿರಲಿಲ್ಲ. ತೂಗಿದರೆ ನೂರ ನಲವತ್ತೇಳರ ಮೇಲೆ ಒಂದು ಕೂದಲಿನಷ್ಟು ಸಿಕ್ಕರೆ ಸಾಕು.

ಅವಳು ಗಂಡನ ಕಡೆ ತಿರುಗಿ ಕೊಂಕಣಿಯಲ್ಲಿ ಕೇಳಿದಳು. ನನಗೆ ಆ ಭಾಷೆ ಅರ್ಥವಾಗುತ್ತದೆ.

"ಗುಂಡುಗಳನ್ನು ತೂಗಿ ಆರಿಸಿದ್ದು ಅಂತ ಹೇಳಿದ್ದಿರಲ್ಲ. ಹಗುರದ್ದನ್ನೆಲ್ಲ ಬೇರೆ ತೆಗೆದಿದ್ದೇನೆ ಅಂತ. ತೂಗಿದ್ದು ಹೌದಾ?"

"ಒಂದೊಂದನ್ನೂ."

"ಎಲ್ಲವನ್ನೂ?"

"ಹೇಳಿದೆನಲ್ಲ, ಒಂದೊಂದನ್ನೂ. ತೂಗಿಸು. ಅದು ನೂರ ನಲವತ್ತೇಳೂಕಾಲು ಇರ್ತದೆ ನೋಡು."

ಅವಳು ಮೇಜಿನ ಕಡೆ ತಿರುಗಿದಳು. "ತೂಗಿ," ಎಂದಳು ನನಗೆ.

ನಾನು ತೋಟಾ ಬಿಚ್ಚಿದೆ. ಗುಂಡನ್ನು ಬಟ್ಟೆಯಲ್ಲಿ ಒರೆಸಿ ತಕ್ಕಡಿಯ ಮೇಲಿಟ್ಟೆ. ಗಾಳಿ ತಾಗದ ಹಾಗೆ ಮುಚ್ಚಳ ಹಾಕಿದೆ. ನೂರ ನಲವತ್ತಾರು ಬಿಂದು ನಾಲ್ಕು. ಮೊದಲಿನದ್ದಕ್ಕಿಂತಲೂ ಹಗುರ.

"ನೀವು ತೂಗಲಿಲ್ಲ," ಎಂದಳು ಸಿಂಥಿಯಾ. ಅವಳ ದನಿ ಏರಲಿಲ್ಲ.

"ಸ್ಯಾಂಪಲ್ ತೆಗೆದು ತೂಗಿದ್ದೇನೆ. ಸ್ಟ್ಯಾಟಿಸ್ಟಿಕಲಿ ಅದು..."

"ಎಷ್ಟು?"

"ಐದೋ ಆರೋ."

ಅವಳು ಚೀಟಿಗೆ ಸಹಿ ಹಾಕಿದಳು. ನಾನು ನನ್ನ ಪೆನ್ನಿನ ಮುಚ್ಚಳವನ್ನು ಎರಡು ಸಲ ಕೆಳಗೆ ಬೀಳಿಸಿದೆ.

ಇಲ್ಲಿಗೆ ಮುಗಿದಿದ್ದರೂ ಮೆಲ್ರಾಯ್‌ಗೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಆದರೆ ಪಟ್ಟಿಯಲ್ಲಿ ಮುಂದಿನ ಹೆಸರು ಅವನದೇ. ಅವನು ಮುಖ ಬಾಡಿಸಿ, ತನ್ನದನ್ನು ಆಮೇಲೆ ಮಾಡಬಹುದಾ, ಹೆಂಡತಿಗೆ ಬೇಜಾರಾಗಿದೆ ಎಂದ. ಹೆಂಡತಿಯ ಬೇಜಾರು ಅವನ ಉಪಯೋಗಕ್ಕೆ ಬಂದದ್ದನ್ನು ನೋಡಿ ನನಗೆ ಆಶ್ಚರ್ಯವಾಗಲಿಲ್ಲ. ಗುನಿಲ್ಲಾ ಆಗುವುದಿಲ್ಲ ಎಂದಳು. ಗುಂಪಿನ ಜೊತೆಗೇ ಆಗಬೇಕು. ಅವನ ಮ್ಯಾಗಜೀನಿನಿಂದ ಎಂಟು ತೋಟಾ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಎಂಟೂ ಹೊಸ ಹಿತ್ತಾಳೆ, ಒಂದು ಗೀರೂ ಇಲ್ಲ, ಎಂಟರ ತಳದಲ್ಲೂ ಒಂದೇ ಕಂಪನಿಯ ಮುದ್ರೆ. ಮನೆಯಲ್ಲಿ ತುಂಬಿದ ತೋಟಾಕ್ಕೆ ಎಂಟು ಕಡೆಯ ಹಳೆಯ ಕೇಸು ಸೇರಿರುತ್ತದೆ. ಈ ಆಟ ಆಡುವ ಯಾರಾದರೂ ದೂರದಿಂದ ನೋಡಿ ಹೇಳಬಹುದು. ಇದು ಅಂಗಡಿಯ ತೋಟಾ.

ಮೂರು ಹಾರಿಸಿದ್ದಷ್ಟೇ. ನೂರ ಮೂವತ್ನಾಲ್ಕು. "ಪಾಸ್," ಎಂದು ನಾನು ಸ್ವೀಡಿಷಿನಲ್ಲಿ ಹೇಳಿದೆ, ಗುಂಪಿನ ಕೊನೆಯವನಿಗೂ ಕೇಳುವ ಹಾಗೆ. ಅದರಲ್ಲಿ ನನಗೆ ಸಂತೋಷವಿತ್ತು, ಮುಚ್ಚಿಡುವುದಿಲ್ಲ.

ಸಿಂಥಿಯಾ ಮೇಜಿನ ಮೇಲೆ ಉಳಿದಿದ್ದ ತೋಟಾಗಳಲ್ಲಿ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

"ನಿಮ್ಮದು ಅಂಗಡಿಯದ್ದಾ?"

"ನನ್ನದು ತುಂಬಲಿಕ್ಕೆ ಟೈಮ್ ಎಲ್ಲಿತ್ತು? ನಿನ್ನದನ್ನು ಮಾಡುವುದರಲ್ಲೇ..."

"ನನ್ನದು ಜನವರಿಯಲ್ಲೇ ಮುಗಿದಿತ್ತು. ಈಗ ಮೇ."

"ನೋಡು, ಅದು ಹಾಗಲ್ಲ. ಇದು ರಿಸ್ಕ್ ಮ್ಯಾನೇಜ್‌ಮೆಂಟ್. ಇಬ್ಬರದ್ದೂ ಒಂದೇ ಬ್ಯಾಚ್ ಇಟ್ಟು ಎಂತಾದರೂ ಆದರೆ? ಇಬ್ಬರಲ್ಲಿ ಒಬ್ಬರಾದರೂ ಸೇಫ್ ಇರಬೇಕಲ್ಲ."

ಎಪ್ಪತ್ತೊಂದನೆಯ ಸ್ಥಾನದವನು ತನ್ನನ್ನು ಸೇಫ್ ಆಗಿ ಇಟ್ಟುಕೊಂಡಿದ್ದ. ಎರಡನೆಯ ಸ್ಥಾನದವಳ ಮೇಲೆ ಪ್ರಯೋಗ ಮಾಡಿದ್ದ. ಸಿಂಥಿಯಾ ಆ ತೋಟಾವನ್ನು ಅವನ ಅಂಗೈಯಲ್ಲಿಟ್ಟು ಮುಂದಿನ ಸುತ್ತಿಗೆ ನಡೆದಳು.

ಅಂಕ ಸಿಗದವರಲ್ಲಿ ಹೆಚ್ಚಿನವರು ಚೀಲ ಕಟ್ಟಿ ಮನೆಗೆ ಹೋಗುತ್ತಾರೆ. ಅವಳು ಹೋಗಲಿಲ್ಲ. ಉಳಿದ ಏಳು ಸುತ್ತನ್ನೂ ಆಡಿದಳು. ಐದನೇ ಸುತ್ತು ಕ್ರೊನೊ ಇಟ್ಟಿದ್ದ ನಮ್ಮ ಗುಡಾರಕ್ಕೆ ಕಾಣುವ ಜಾಗದಲ್ಲಿತ್ತು. ಪಂದ್ಯಕ್ಕೆಂದು ನಿಲ್ಲಿಸಿದ ಹಲಗೆ ಗೋಡೆಗಳ ಕಿಟಕಿಯಿಂದ ಕಿಟಕಿಗೆ ಅವಳು ಓಡಿದ್ದು, ಹಿಂದಿನ ಗೋಡೆಯ ಹತ್ತಿರ ನಿಂತು ಆರು ಉಕ್ಕಿನ ತಟ್ಟೆಗಳನ್ನು ಒಂದೇ ಸಮನೆ ಬೀಳಿಸಿದ್ದು ನೋಡಿದೆವು. ಗುನಿಲ್ಲಾ ಟೋಪಿ ತೆಗೆದು ತಲೆ ಕೆರೆದುಕೊಂಡಳು. "ಆ ಸುತ್ತಿನಲ್ಲಿ ಹೆಂಗಸರಲ್ಲಿ ಇವಳೇ ಮೊದಲು," ಎಂದಳು. ಹೌದು. ಲೆಕ್ಕಕ್ಕೆ ಮಾತ್ರ ಇಲ್ಲ. ಮೆಲ್ರಾಯ್ ಸೊಂಟ ಹಿಡಿದುಕೊಂಡಿದೆ ಎಂದು ಆರನೇ ಸುತ್ತಿಗೇ ಪಂದ್ಯ ಬಿಟ್ಟು ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತ.

ಸಂಜೆ ನಾನು ಕ್ರೊನೊ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದಾಗ ಸಿಂಥಿಯಾ ಬಂದಳು. ಎರಡು ಕಾಗದದ ಲೋಟದಲ್ಲಿ ಕಾಫಿ ತಂದಿದ್ದಳು. ಅವಳು ಕಾಫಿ ತಂದದ್ದರಿಂದ ನನಗೆ ಇನ್ನೂ ಕಷ್ಟವಾಯಿತು.

"ಉಮೆಯೊ ಊರಿನವಳಿಗೆ ಸಿಕ್ಕಿತು ಜಾಗ," ಎಂದಳು. "ಒಳ್ಳೆಯವಳು. ನನ್ನ ಹತ್ತಿರ ಬಂದು ಸಾರಿ ಹೇಳಿದಳು, ಅವಳದ್ದು ಎಂತ ತಪ್ಪು ಇತ್ತು."

"ಅಮ್ಮನಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು," ಎಂದೆ. ಇದಕ್ಕಿಂತ ಕೆಟ್ಟ ಸಮಾಧಾನ ಹೇಳಲು ಬರುತ್ತಿತ್ತಾ ಎಂದು ಈಗಲೂ ಯೋಚಿಸುತ್ತೇನೆ.

ಅವಳು ಕಾಫಿ ಕುಡಿದಳು. "ಜುಲೈಯಲ್ಲಿ ಅವರು ಟೆಸ್ಟ್ ಮಾಡುವಾಗ ನೀವು ಅಲ್ಲಿದ್ದಿರಿ ಅಲ್ವಾ ಅಕ್ಕ?"

"ಇದ್ದೆ."

"ಇದು ಹೀಗಾಗ್ತದೆ ಅಂತ ನಿಮಗೆ ಗೊತ್ತಿತ್ತಾ?"

ಸುಳ್ಳು ಹೇಳುವ ಅವಕಾಶವನ್ನು ಬೆಳಿಗ್ಗೆಯೇ ಖರ್ಚು ಮಾಡಿದ್ದೆ. "ಅಂದಾಜಿತ್ತು."

"ನನಗೆ ಹೇಳಬಹುದಿತ್ತು."

"ಅವನು ಬೀಳಲಿ ಅಂತ ಕಾಯುತ್ತಿದ್ದೆ. ನಿನ್ನ ಯೋಚನೆ ಬರಲಿಲ್ಲ."

ಅವಳು ತಲೆ ಆಡಿಸಿದಳು, ಅಚ್ಚು ಸರಿಯಿಲ್ಲದ ಹಲ್ಲನ್ನು ನೋಡಿ ಬದಿಗಿಡುವವರ ಹಾಗೆ. "ನಿಮಗಿಬ್ಬರಿಗೂ ಒಬ್ಬರನ್ನೊಬ್ಬರು ಗೆಲ್ಲಬೇಕಿತ್ತು. ಮಧ್ಯೆ ಪಿಸ್ತೂಲು ಹಿಡಿದುಕೊಂಡು ನಾನು." ಲೋಟವನ್ನು ಕಸದ ಚೀಲಕ್ಕೆ ಹಾಕಿ ಕಾರಿನ ಕಡೆ ಹೋದಳು. ಡ್ರೈವರ್ ಸೀಟಿನಿಂದ ಮೆಲ್ರಾಯ್ ಇಳಿದು ಪಕ್ಕಕ್ಕೆ ಕೂತದ್ದನ್ನು ನೋಡಿದೆ. ಅವಳೇ ಕಾರು ಓಡಿಸಿದಳು.

ಸೋಮವಾರ ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿನಲ್ಲಿ ಮೆಲ್ರಾಯ್‌ನ ದೊಡ್ಡ ಸಂದೇಶ ಬಂತು. ಇಲ್ಲಿನ ಕ್ಲಬ್ಬುಗಳ ಉಪಕರಣಗಳ ಗುಣಮಟ್ಟ, ವಲಸಿಗರ ಮೇಲಿನ ತಾತ್ಸಾರ, ಕೆಲವು ನಮ್ಮವರೇ ಪರಕೀಯರಿಗೆ ತಮ್ಮ ನಿಷ್ಠೆ ತೋರಿಸಿಕೊಳ್ಳುವ ಆತುರ. ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದರು. ರಘುನಾಥ ಎಂಬವರು ಇದನ್ನು ಕೊಮ್ಮೂನಿಗೆ ಬರೆಯಬೇಕು ಎಂದರು. ಗುಂಡಿನ ವೇಗಕ್ಕೂ ನಗರಸಭೆಗೂ ಏನು ಸಂಬಂಧವೋ. ನಾನು ಉತ್ತರ ಟೈಪ್ ಮಾಡಿ ಅಳಿಸಿದೆ.

ಅರ್ಧ ಗಂಟೆಯ ಮೇಲೆ ಸಿಂಥಿಯಾ ಒಂದು ಫೋಟೊ ಹಾಕಿದಳು. ಕ್ರೊನೊದ ಎರಡು ಚೀಟಿಗಳು ಪಕ್ಕಪಕ್ಕದಲ್ಲಿ. ಅವಳದು: ಆರು ವೇಗ, ಎರಡು ತೂಕ. ಅವನದು: ಮೂರು ವೇಗ, ತೋಟಾದ ವಿವರದ ಜಾಗದಲ್ಲಿ 'ಕಾರ್ಖಾನೆಯದು' ಎಂದು ನನ್ನ ಅಕ್ಷರ. ಕೆಳಗೆ ಒಂದೇ ಸಾಲು: "ಉಪಕರಣ ಸರಿಯಾಗಿತ್ತು." ಗುಂಪಿನಲ್ಲಿ ಮೂರು ಗಂಟೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ಇವ್ಲಿನ್ ಎಂಬವರು ನೀರುದೋಸೆಗೆ ಯಾವ ಅಕ್ಕಿ ಒಳ್ಳೆಯದು ಎಂದು ಕೇಳಿದರು, ಎಲ್ಲರೂ ಒಟ್ಟಿಗೆ ಉತ್ತರಿಸಿದರು.

ಜೂನಿನಲ್ಲಿ ಅವಳು ತೋಟಾ ತುಂಬುವ ಮಶೀನನ್ನು ಬಿಚ್ಚಿ, ಎಣ್ಣೆ ಹಾಕಿ, ತಾನೇ ಮತ್ತೆ ಜೋಡಿಸಿದಳು. ಮೆಲ್ರಾಯ್ ಅದರ ಹತ್ತಿರ ಹೋಗುವುದು ನಿಂತಿತ್ತು. ಅವನು ಆಗಲೇ ಜೇನು ಸಾಕಣೆಯ ಬಗ್ಗೆ ಓದಲು ಶುರು ಮಾಡಿದ್ದ. ಜೇನುನೊಣಗಳ ಬಗ್ಗೆ ನನಗೆ ಮರುಕವಿದೆ. ಪ್ರತಿ ಬುಧವಾರ ಅವಳು ಕೆಲಸ ಮುಗಿಸಿ ರೈಲಿನಲ್ಲಿ ಉಪ್ಸಾಲಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ರೇಂಜಿಗೆ ಬರುತ್ತಿದ್ದಳು. ಒಂದು ಡಬ್ಬಿ ತೋಟಾ ಐಸ್‌ಪೆಟ್ಟಿಗೆಯಲ್ಲಿ, ಒಂದು ಡಬ್ಬಿ ಬಿಸಿಲಲ್ಲಿ. ಎರಡನ್ನೂ ಹತ್ತು ಹತ್ತು ಹಾರಿಸುತ್ತಿದ್ದಳು. ಕಡಿಮೆ ಬಂದದ್ದನ್ನು ಮೊದಲು ಬರೆಯುತ್ತಿದ್ದಳು. ನಾನು ಸಹಾಯ ಮಾಡಲಾ ಎಂದು ಕೇಳಿದಾಗ, "ಅಂಕಿ ಓದಿ ಹೇಳಿ, ಸಾಕು," ಎಂದಳು. ಓದಿ ಹೇಳಿದೆ. ಅಭಿಪ್ರಾಯ ಹೇಳಲಿಲ್ಲ. ಐದು ಬುಧವಾರ ನಾವು ಅಂಕಿಗಳನ್ನು ಬಿಟ್ಟು ಹೆಚ್ಚು ಮಾತಾಡಲಿಲ್ಲ. ಆರನೇ ಬುಧವಾರ ಐಸಿನ ಡಬ್ಬಿಯದ್ದೂ ನೂರಿಪ್ಪತ್ತೊಂಬತ್ತಕ್ಕಿಂತ ಕೆಳಗೆ ಇಳಿಯಲಿಲ್ಲ. "ಇದು ಆಗಬಹುದು," ಎಂದು ಪುಸ್ತಕ ಮುಚ್ಚಿದಳು.

ಸೆಪ್ಟೆಂಬರಿನಲ್ಲಿ ಉಮೆಯೊದಲ್ಲಿ ಒಂದು ಪಂದ್ಯವಿತ್ತು. ಅದರಿಂದ ಯಾವ ತಂಡಕ್ಕೂ ಜಾಗ ಸಿಗುವುದಿಲ್ಲ. ಆರೂವರೆ ಗಂಟೆಯ ರೈಲು ಪ್ರಯಾಣ, ಒಬ್ಬಳೇ ಹೋದಳು. ಭಾನುವಾರ ಮಧ್ಯಾಹ್ನ ವಾಪಸು ಬರುವ ರೈಲಿನಿಂದ ನನಗೆ ಫೋನು ಬಂತು. ಕ್ರೊನೊದಲ್ಲಿ ನೂರ ಮೂವತ್ತೊಂದು. ಮಹಿಳೆಯರಲ್ಲಿ ನಾಲ್ಕನೇ ಸ್ಥಾನ. ಎರಡು ಉಕ್ಕಿನ ತಟ್ಟೆ ತಪ್ಪಿತು, ಅದು ತನ್ನದೇ ಅವಸರ, ಮೂರನೆಯ ಸ್ಥಾನ ಅಲ್ಲೇ ಹೋಯಿತು ಎಂದಳು. ಹೇಳುವಾಗ ನಗುತ್ತಿದ್ದಳು.

ಅವಳು ಫೋನು ಇಡುವ ಮೊದಲು ನಾನು ಹೇಳಿದೆ, "ಸಿಂಥಿಯಾ, ಆ ಜುಲೈಯಲ್ಲಿ ನಾನು ಬಾಯಿ ಬಿಡಬೇಕಿತ್ತು. ಅದು ನನ್ನ ತಪ್ಪು."

"ಹೌದು," ಎಂದಳು. ಆಮೇಲೆ, "ಇಲ್ಲಿ ಊಟದ ಬೋಗಿಯಲ್ಲಿ ಸಿಕ್ಕಿದ ಸೂಪಿಗೆ ಉಪ್ಪೇ ಇಲ್ಲ ಅಕ್ಕ. ಬುಧವಾರ ಬರ್ತೇನೆ, ನಿಮ್ಮಲ್ಲಿ ಎಂತಾದರೂ ಖಾರ ಮಾಡಿಡಿ," ಎಂದಳು.

ಬುಧವಾರ ಬಂದಳು. ಬಂಗುಡೆ ಪುಳಿಮುಂಚಿ ಮಾಡಿದ್ದೆ. ಎರಡು ಸಲ ಅನ್ನ ಹಾಕಿಸಿಕೊಂಡಳು.